ಸಹಾಯ ಬೇಕು: ಬಾಳೆ ನಾರು ಮೆತ್ತಗಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹೊಳೆನರಸೀಪುರದ ಹತ್ತಿರ ನಮ್ಮದು ಒಂದು ಎಕರೆ ಏಲಕ್ಕಿ ಬಾಳೆ ಇದೆ. ಗೊನೆ ಕಡಿದ ಮೇಲೆ ಅಷ್ಟು ದಪ್ಪ ದಿಂಡು ಸುಮ್ನೆ ಬದುವಿನ ಮೇಲೆ ಕೊಳೆಯುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಮ್ಮ ಹೂ ಕಟ್ಟುವ ನಾರನ್ನೇ ನೂಲು ಮಾಡಬಹುದು ಅಲ್ವಾ ಎಂದು ಶುರು ಮಾಡಿದೆ. ಪಟ್ಟೆ ಬಿಡಿಸಿ, ಹಲಗೆ ಮೇಲಿಟ್ಟು ಮೊಂಡು ಚಾಕುವಿನಲ್ಲಿ ಹೆರೆದರೆ ನೀರು, ತಿರುಳು ಹೋಗಿ ಬೆಳ್ಳಗೆ ಹೊಳೆಯುವ ಎಳೆ ಸಿಗುತ್ತದೆ. ಹೊರಗಿನ ಪಟ್ಟೆಯದ್ದು ಒರಟು, ಒಳಗಿನದ್ದು ನಯ. ಆದರೆ ಒಣಗಿದ ಮೇಲೆ ಕಡ್ಡಿ ಥರ ಸೆಟೆದುಕೊಳ್ಳುತ್ತದೆ, ಹೊಸೆದರೆ ಮುರಿಯುತ್ತದೆ. ಪೆಕ್ಟಿನ್ ಅಂಟು ಪೂರ್ತಿ ಬಿಟ್ಟಿಲ್ಲ ಅನ್ನಿಸುತ್ತದೆ. ಜಪಾನಿನ ಓಕಿನಾವಾದಲ್ಲಿ ಬಾಳೆ ನಾರನ್ನು ಬೂದಿ ನೀರಿನಲ್ಲಿ ಕುದಿಸಿ ಬಟ್ಟೆ ನೇಯುತ್ತಾರೆ. ನಾನೂ ಒಲೆ ಬೂದಿ ಕದಡಿ, ಸೋಸಿ, ಅರ್ಧ ಗಂಟೆ ಕುದಿಸಿದೆ. ಸ್ವಲ್ಪ ಮೆತ್ತಗಾಯ್ತು, ಆದರೆ ಬಣ್ಣ ಹಳದಿಗೆ ತಿರುಗಿತು.

ಬೂದಿ ಎಷ್ಟು ಹಾಕಬೇಕು, ಎಷ್ಟು ಹೊತ್ತು ಕುದಿಸಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ. ಹಾಸನ, ಚಿಕ್ಕಮಗಳೂರು ಕಡೆ ನಾರು ತೆಗೆಯುವ ಯಂತ್ರ ಬಾಡಿಗೆಗೆ ಸಿಗುತ್ತದಾ? ದಿಂಡು ನಾನೇ ಗಾಡಿಯಲ್ಲಿ ತರುತ್ತೇನೆ. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರಕ್ಕೆ ಹೋಗಿ ಕಲಿತು ಬಂದವರಿದ್ದರೆ ಇನ್ನೂ ಒಳ್ಳೆಯದು. ಮಗ್ಗದಲ್ಲಿ ಉದ್ದದ ಎಳೆಗೆ (ಹಾಸು) ಹತ್ತಿ ನೂಲು, ಅಡ್ಡ ಎಳೆಗೆ (ಹೊಕ್ಕು) ಈ ನಾರು ಹಾಕಿ ನೇಯ್ದು ನೋಡುವ ನೇಕಾರರ ಪರಿಚಯವೂ ಬೇಕು.

ಮುಂದಿನ ವಾರ ಇನ್ನೊಂದು ಕಟಾವಿದೆ. ಕಡಿದ ದಿಂಡು ಒಣಗಲು ಬಿಟ್ಟರೆ ನಾರು ಕಪ್ಪಾಗುತ್ತದೆ, ಅದಕ್ಕೇ ಈ ಅವಸರ.