ಗಣಿತ ಪಾಠಕ್ಕೆ ಟು-ಇನ್-ಒನ್: ದುಡ್ಡು ಹಾಕಬಹುದಾ?

ಅನಂತಶ್ರೇಣಿ (ಪ್ರಶ್ನೆ)

ಡಿಗ್ರಿ ಕಾಲೇಜಿನ ಗಣಿತ ಪಾಠಕ್ಕೆ ಒಂದು ಯಂತ್ರ ಬೇಕು, ಟು-ಇನ್-ಒನ್ (ಲ್ಯಾಪ್‌ಟಾಪೂ ಟ್ಯಾಬೂ ಆಗುವಂಥದ್ದು) ತಗೊಳ್ಳುವ ಯೋಚನೆ. ಕೀಬೋರ್ಡ್, ಪೆನ್ ಎಲ್ಲ ಸೇರಿ ಬಜೆಟ್ 60,000. ತರಗತಿಯಲ್ಲಿ ಪರದೆ ಮೇಲೆ ಪೆನ್ನಿನಲ್ಲಿ ಲೆಕ್ಕ ಬಿಡಿಸಿ ಪ್ರೊಜೆಕ್ಟರ್‌ಗೆ ಕೊಡಬೇಕು (ಪ್ರೊಜೆಕ್ಟರ್ ಹಳೆಯದು, ವಿಜಿಎ ಎಂಬ ಹಳೆಯ ಕೇಬಲ್ ಮಾತ್ರ ಹಿಡಿಯುತ್ತದೆ). ವಾರಕ್ಕೆ ಸುಮಾರು 80 ಅಸೈನ್‌ಮೆಂಟ್ ಪಿಡಿಎಫ್ ತಿದ್ದಬೇಕು. ಲೇಟೆಕ್‌ನಲ್ಲಿ (ಗಣಿತದ ಸೂತ್ರಗಳನ್ನು ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶ) ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು.

ಕಣ್ಣಿಗೆ ಬಿದ್ದಿರುವುದು ಮೂರು (ಜಿಬಿ ಅಂಕಿಗಳಲ್ಲಿ ಮೊದಲನೆಯದು ರ‍್ಯಾಮ್, ಎರಡನೆಯದು ಸ್ಟೋರೇಜ್):
1. ಕೀಬೋರ್ಡ್ ಕಳಚುವ 10.1 ಇಂಚಿನ ಹೊಸ ವಿಂಡೋಸ್ ಟ್ಯಾಬ್, 4 ಜಿಬಿ / 64 ಜಿಬಿ. ಎಲ್ಲಕ್ಕಿಂತ ಅಗ್ಗ.
2. ಸೆಕೆಂಡ್ ಹ್ಯಾಂಡ್ ಸರ್ಫೇಸ್ ಪ್ರೊ 7 (ಮೈಕ್ರೋಸಾಫ್ಟ್‌ನ ಕೀಬೋರ್ಡ್ ಕಳಚುವ ಟ್ಯಾಬ್), ಐ5, 8 ಜಿಬಿ / 256 ಜಿಬಿ.
3. ಪರದೆ ಪೂರ್ತಿ ಹಿಂದಕ್ಕೆ ಮಡಚುವ 14 ಇಂಚಿನ ಹೊಸ ಲ್ಯಾಪ್‌ಟಾಪ್, 8 ಜಿಬಿ / 512 ಜಿಬಿ.

ಇಲ್ಲವೇ ಸಾದಾ ಲ್ಯಾಪ್‌ಟಾಪ್ ಸಾಕಾ?

ಸೀಸದಕಡ್ಡಿ

ಮೊದಲನೆಯದನ್ನು ಈಗಲೇ ಹೊಡೆದುಹಾಕಿ. ಆ 64 ಜಿಬಿ ಬೋರ್ಡಿಗೇ ಬೆಸೆದ ಇಎಂಎಂಸಿ (ಅಗ್ಗದ ಸ್ಟೋರೇಜ್ ಚಿಪ್), ಬದಲಾಯಿಸಲು ಬರುವುದಿಲ್ಲ. ವಿಂಡೋಸ್ ತೋರಿಸುವುದು 60ಕ್ಕೂ ಕಡಿಮೆ. ವಿಂಡೋಸ್ 11, ರಿಕವರಿ ಭಾಗ, ಆಫೀಸ್ ಕೂತ ಮೇಲೆ ಹೆಚ್ಚೆಂದರೆ ಅರ್ಧ ಉಳಿಯುತ್ತದೆ. ಲೇಟೆಕ್‌ಗೆ ಬೇಕಾದ ಟೆಕ್ ಲೈವ್ ಪೂರ್ತಿ ಹಾಕಿದರೆ ಇನ್ನೊಂದು 8 ಜಿಬಿ ಹೋಯಿತು. ವರ್ಷದ ದೊಡ್ಡ ಅಪ್‌ಡೇಟ್ ಬಂದಾಗ 20 ಜಿಬಿ ಖಾಲಿ ಇರಬೇಕು, ಇಲ್ಲದಿದ್ದರೆ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. 4 ಜಿಬಿ ರ‍್ಯಾಮ್ ವಿಂಡೋಸ್ 11 ಕೇಳುವ ಕನಿಷ್ಠ. ಯಂತ್ರ ಆನ್ ಆಗಲು ಸಾಕು, ಅಷ್ಟೇ.

ಇನ್ನು ಟು-ಇನ್-ಒನ್ ಬೇಕೇ ಬೇಡವೇ ಎಂಬುದು. ಪರದೆಗೆ ಪೆನ್ ಇಟ್ಟು ವಾರಕ್ಕೆ ಎಷ್ಟು ಗಂಟೆ ಕೆಲಸ ಎಂದು ಲೆಕ್ಕ ಹಾಕಿ. ಒಂದು ಪಿಡಿಎಫ್‌ಗೆ 6 ನಿಮಿಷ ಹಿಡಿದರೂ 80ಕ್ಕೆ 8 ಗಂಟೆ, ಅದರ ಮೇಲೆ ತರಗತಿ. ವಾರಕ್ಕೆ ಮೂರು ಗಂಟೆಯೂ ಆಗದವರಿಗೆ ಸಾದಾ ಲ್ಯಾಪ್‌ಟಾಪೇ ಸರಿ, ಅದೇ ದುಡ್ಡಿಗೆ ಒಳ್ಳೆಯ ಪ್ರೊಸೆಸರ್ ಸಿಗುತ್ತದೆ. ನಿಮ್ಮದು ಹಾಗಲ್ಲ.

ಪೆನ್ ವಿಷಯದಲ್ಲಿ ಎಚ್ಚರ. ಡಬ್ಬಿ ಮೇಲೆ 'ಸ್ಟೈಲಸ್ ಸಪೋರ್ಟ್' ಅಂತ ಇದ್ದರೆ ಅದು ರಬ್ಬರ್ ತುದಿಯ ಕಡ್ಡಿಯೂ ಆಗಿರಬಹುದು, ಬೆರಳಿಗಿಂತ ಏನೂ ಹೆಚ್ಚಿಲ್ಲ. ಪರದೆಯ ಜೊತೆ ಸಂಕೇತದಲ್ಲಿ ಮಾತಾಡುವ ನಿಜವಾದ ಆಕ್ಟಿವ್ ಪೆನ್ನುಗಳಲ್ಲೂ ಜಾತಿಗಳಿವೆ: ಸರ್ಫೇಸ್‌ಗೆ ಎಂಪಿಪಿ, ಕೆಲವು ಲ್ಯಾಪ್‌ಟಾಪ್‌ಗಳಿಗೆ ವೇಕಮ್ ಎಇಎಸ್, ಕ್ರೋಮ್‌ಬುಕ್‌ಗೆ ಯುಎಸ್‌ಐ, ಸ್ಯಾಮ್‌ಸಂಗ್‌ನ ಎಸ್ ಪೆನ್‌ಗೆ ಇಎಂಆರ್. ಎರಡು ಪದ್ಧತಿಗೂ ಆಗುವ ಪೆನ್ನುಗಳು ಇವೆಯಾದರೂ, ಒಂದರ ಪೆನ್ ಇನ್ನೊಂದಕ್ಕೆ ಬರೆಯುತ್ತದೆ ಎಂದು ನಂಬಿ ಕೊಳ್ಳಬೇಡಿ. ಮೂರನೆಯದನ್ನು ನೋಡುವಾಗ ಅಂಗಡಿಯವರನ್ನು ಕೇಳಬೇಕಾದ ಮೊದಲ ಮಾತು, ಇದಕ್ಕೆ ಯಾವ ಪದ್ಧತಿಯ ಪೆನ್, ಅದು ಡಬ್ಬಿಯಲ್ಲೇ ಬರುತ್ತದಾ ಅಂತ.

ಅಳತೆಪಟ್ಟಿ

ಪಿಡಿಎಫ್ ತಿದ್ದುವವರು ಪರದೆಯ ಇಂಚಿಗಿಂತ ಅದರ ಆಕಾರ (3:2, 16:9 ಎಂಬ ಉದ್ದ-ಅಗಲದ ಅನುಪಾತ) ನೋಡಬೇಕು. ಎ4 ಹಾಳೆಯ ಅಗಲ 21 ಸೆಂ.ಮೀ. ಪರದೆಯನ್ನು ಉದ್ದಕ್ಕೆ ನಿಲ್ಲಿಸಿದಾಗ ಹಾಳೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ:

12.3 ಇಂಚು, 3:2 (ಸರ್ಫೇಸ್ ಪ್ರೊ 7): ಅಗಲ 17.3 ಸೆಂ.ಮೀ., ಅಸಲಿನ 82%
13 ಇಂಚು, 3:2 (ಪ್ರೊ 8): 18.3 ಸೆಂ.ಮೀ., 87%
13.3 ಇಂಚು, 16:9: 16.6 ಸೆಂ.ಮೀ., 79%
14 ಇಂಚು, 16:10: 18.8 ಸೆಂ.ಮೀ., 90%

12.3 ಇಂಚಿನದು 13.3 ಇಂಚಿನದಕ್ಕಿಂತ ಹಾಳೆಯನ್ನು ದೊಡ್ಡದಾಗಿ ತೋರಿಸುತ್ತದೆ, ನೋಡಿ. 80%ಗಿಂತ ಕೆಳಗೆ ಹೋದರೆ ವಿದ್ಯಾರ್ಥಿಗಳ ಸಣ್ಣ ಅಕ್ಷರ ಓದಲು ಪ್ರತಿ ಪುಟವನ್ನೂ ಹಿಗ್ಗಿಸಬೇಕು, ಸಮಯ ಹೋಗುವುದೇ ಅಲ್ಲಿ.

ಲೆಕ್ಕದಲ್ಲಿ 14 ಇಂಚು ಗೆದ್ದಿತು, ತೂಕದಲ್ಲಿ ಸೋತಿತು. ಮಡಚುವ 14 ಇಂಚಿನವು ಸಾಮಾನ್ಯವಾಗಿ ಒಂದೂವರೆ ಕೆ.ಜಿ. ಆಸುಪಾಸು. ಪ್ರೊ 7 ಕೀಬೋರ್ಡ್ ಇಲ್ಲದೆ 800 ಗ್ರಾಂ ಒಳಗೆ. ಮೇಜಿನ ಮೇಲಿಟ್ಟು ಬರೆಯುವುದಾದರೆ ತೂಕ ಲೆಕ್ಕಕ್ಕಿಲ್ಲ. ಒಂದು ಕೈಯಲ್ಲಿ ಹಿಡಿದು ತರಗತಿಯಲ್ಲಿ ಓಡಾಡುವವರಿಗೆ ಒಂದೂವರೆ ಕೆ.ಜಿ. ಹತ್ತು ನಿಮಿಷಕ್ಕೇ ಸಾಕಾಗುತ್ತದೆ.

ಸರ್ಫೇಸ್ ತರಹದವುಗಳ ತೊಂದರೆ ತೊಡೆ ಮೇಲೆ. ಹಿಂಬದಿಯ ಊರೆ (ಕಿಕ್‌ಸ್ಟ್ಯಾಂಡ್) ಮತ್ತು ಮುಂದಿನ ಕೀಬೋರ್ಡ್ ಸೇರಿ ಒಂದಡಿ ಮೀರಿ ಜಾಗ ಬೇಡುತ್ತವೆ. ಬಸ್ಸಿನ ಸೀಟು, ಕಾಲೇಜಿನ ಕಿರಿದಾದ ಡೆಸ್ಕ್ ಎರಡರಲ್ಲೂ ಊರೆ ಅಂಚಿನಿಂದ ಜಾರುತ್ತದೆ. ದಿನವೂ ಬಹಳ ಟೈಪ್ ಮಾಡುವವರಾದರೆ ಮಡಚುವುದೇ ವಾಸಿ.

ತಿರುಪುಳಿ

ಎರಡನೆಯದನ್ನು ತಗೊಳ್ಳುವುದಾದರೆ ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.

ಮೊದಲು ಬ್ಯಾಟರಿ. ಇದನ್ನು ಸುಲಭಕ್ಕೆ ಬದಲಾಯಿಸಲು ಬರುವುದಿಲ್ಲ. ಪರದೆಯನ್ನು ಅಂಟಿನಿಂದ ಕೂರಿಸಿದ್ದಾರೆ, ಕಾಯಿಸಿ ಎಬ್ಬಿಸುವಾಗ ಗಾಜು ಸೀಳುವುದೇ ಹೆಚ್ಚು. ಪರದೆ ಕೆಳಗೆ ಮಾಡಿ ಮಟ್ಟಸವಾದ ಗಾಜಿನ ಮೇಜಿನ ಮೇಲಿಡಿ, ಮೂಲೆ ಒತ್ತಿದಾಗ ತೊಟ್ಟಿಲಂತೆ ಆಡಿದರೆ ಒಳಗೆ ಬ್ಯಾಟರಿ ಉಬ್ಬಿದೆ. ಅಂಚಿಗೆ ಉಗುರು ಆಡಿಸಿ, ಗಾಜು ಎಲ್ಲಾದರೂ ಮೇಲೆದ್ದಿದ್ದರೆ ಬೆಲೆ ಎಷ್ಟಿಳಿಸಿದರೂ ಬೇಡ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ' ಎಂದು ಹೊಡೆದು, ಜಾಗ ಬಿಟ್ಟು, ಓರೆಗೆರೆಯ ಜೊತೆ 'ಬ್ಯಾಟರಿರಿಪೋರ್ಟ್' ಹೊಡೆಯಿರಿ (ಎರಡೂ ಇಂಗ್ಲಿಷ್ ಅಕ್ಷರದಲ್ಲಿ). ಬರುವ ಕಡತದಲ್ಲಿ 'ಡಿಸೈನ್ ಕೆಪಾಸಿಟಿ', 'ಫುಲ್ ಚಾರ್ಜ್ ಕೆಪಾಸಿಟಿ' ಎಂಬ ಎರಡು ಅಂಕಿ ಇರುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 80%ಗಿಂತ ಮೇಲಿದ್ದರೆ ಸರಿ, 70%ಗಿಂತ ಕೆಳಗಿದ್ದರೆ ಬಿಡಿ.

ಪೇಂಟ್ ತೆರೆದು ಪರದೆಯ ಮೂಲೆಯಿಂದ ಮೂಲೆಗೆ ಬೆರಳಿನಲ್ಲಿ ಒತ್ತೊತ್ತಾಗಿ ಗೀಚಿ. ಗೆರೆ ತುಂಡಾದಲ್ಲಿ ಟಚ್ ಸತ್ತಿದೆ. ಪೆನ್ನಿಗೆ ಸ್ಕೇಲ್ ಇಟ್ಟು ಓರೆಯಾಗಿ ನಿಧಾನಕ್ಕೆ ಗೆರೆ ಎಳೆಯಿರಿ. ಈ ಜಾತಿಯ ಪರದೆಗಳಲ್ಲಿ ತುಸು ಅಲೆ ಬರುವುದು ಸಹಜ, ಮೆಟ್ಟಿಲಿನಂತೆ ಕಂಡರೆ ಬೇಡ.

ಕೊನೆಗೆ ಎಲ್ಲರೂ ಮರೆಯುವುದು: ಮಾರುವವರ ಎದುರೇ ರೀಸೆಟ್ ಮಾಡಿಸಿ, ವೈಫೈ ಹಾಕಿ ಮೊದಲ ಸೆಟಪ್ ಮುಗಿಸಿ. ಯಾವುದೋ ಕಂಪನಿಯ ಹೆಸರು ತೋರಿಸಿ ಅವರ ಇಮೇಲ್ ಕೇಳಿದರೆ ಅದು ಕಂಪನಿ ಲೆಕ್ಕದಿಂದ ಬಿಡುಗಡೆಯಾಗದ ಯಂತ್ರ. ಆಮೇಲೆ ನಿಮ್ಮ ಕೈಯಲ್ಲಿ ಏನೂ ಆಗುವುದಿಲ್ಲ.

ಪ್ರೊ 7 ಮತ್ತು 7+ ನೋಡಲು ಒಂದೇ. ಪ್ರೊಸೆಸರ್ ಹೆಸರು ನೋಡಿ: ಐ5-1035ಜಿ4 ಇದ್ದರೆ 7, ಐ5-1135ಜಿ7 ಇದ್ದರೆ 7+. ಪ್ಲಸ್‌ನಲ್ಲಿ ಎಸ್‌ಎಸ್‌ಡಿ (ಸ್ಟೋರೇಜ್) ಬಿಚ್ಚಿ ಬದಲಾಯಿಸಬಹುದು, ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ಅದೇ ಲಾಭ. 2017ರ ಸರ್ಫೇಸ್ ಪ್ರೊ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ. ಅದರದು 7ನೇ ತಲೆಮಾರಿನ ಇಂಟೆಲ್, ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಅನಂತಶ್ರೇಣಿ

ಪ್ರೊ 7 ಐ5ಗೆ ಫ್ಯಾನ್ ಇಲ್ಲವಂತೆ. ಬೇಸಿಗೆಯಲ್ಲಿ ತರಗತಿಯಲ್ಲಿ ಸೆಖೆ ಜೋರು. ಪ್ರೊಜೆಕ್ಟರ್ ವಿಷಯವನ್ನೂ ಯಾರಾದರೂ ಹೇಳಿ.

ತಿರುಪುಳಿ

ಬಿಸಿಯಾದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪಿಡಿಎಫ್ ಮೇಲೆ ಬರೆಯಲು ತೊಂದರೆ ಕಾಣದು. ಚಾರ್ಜ್ ಮಾಡುತ್ತಾ ಪಾಠ ರೆಕಾರ್ಡ್ ಮಾಡಿದರೆ ಪೆನ್ನಿನ ಹಿಂದೆ ಗೆರೆ ತಡವಾಗಿ ಬರುತ್ತದೆ. ಕಿಟಕಿ ಬಿಸಿಲಿನಿಂದ ದೂರವಿಡಿ, ರೆಕಾರ್ಡಿಂಗ್ ಇರುವ ದಿನ ಮೊದಲೇ ಚಾರ್ಜ್ ಮಾಡಿಕೊಂಡು ಹೋಗಿ.

ಎಳೆಬಿಳೆ

ಪ್ರೊಜೆಕ್ಟರ್: ಪ್ರೊ 7ರ ಟೈಪ್-ಸಿಯಲ್ಲಿ ಚಿತ್ರ ಹೊರಗೆ ಬರುತ್ತದೆ. ಅಗ್ಗದ ಟ್ಯಾಬ್‌ಗಳ ಟೈಪ್-ಸಿ ಎಷ್ಟೋ ಸಲ ಚಾರ್ಜ್ ಮತ್ತು ಡೇಟಾಕ್ಕಷ್ಟೇ, ನೋಡಲು ತೂತು ಒಂದೇ ಥರ. ಟೈಪ್-ಸಿಯಿಂದ ನೇರ ವಿಜಿಎಗೆ ಅಡಾಪ್ಟರ್ ತಗೊಳ್ಳಿ, ಕೊಂಡಿ ಕಡಿಮೆಯಿದ್ದಷ್ಟು ಕೈಕೊಡುವುದು ಕಡಿಮೆ. ವಿಜಿಎಯಲ್ಲಿ ದನಿ ಹೋಗದು, ಸ್ಪೀಕರ್ ಬೇರೆ.

ಹಳೆಯ ಪ್ರೊಜೆಕ್ಟರ್‌ಗಳು ಹೆಚ್ಚಾಗಿ 1024×768. 'ಡ್ಯೂಪ್ಲಿಕೇಟ್' (ಎರಡೂ ಕಡೆ ಒಂದೇ ಚಿತ್ರ) ಇಟ್ಟರೆ ನಿಮ್ಮ ಪರದೆಯೂ ಅಷ್ಟಕ್ಕೇ ಇಳಿದು ಅಕ್ಷರ ಮಸುಕಾಗುತ್ತದೆ. ಅದರ ಬದಲು 'ಎಕ್ಸ್‌ಟೆಂಡ್' (ಪ್ರೊಜೆಕ್ಟರ್ ಬೇರೆ ಪರದೆಯಾಗಿ) ಇಟ್ಟು, ಒಬಿಎಸ್‌ನಲ್ಲಿ (ಪರದೆ ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ) ನಿಮ್ಮ ಪರದೆಯನ್ನು 'ಡಿಸ್‌ಪ್ಲೇ ಕ್ಯಾಪ್ಚರ್' ಆಗಿ ಸೇರಿಸಿ, ಪ್ರಿವ್ಯೂ ಮೇಲೆ ರೈಟ್ ಕ್ಲಿಕ್ ಮಾಡಿ ಫುಲ್‌ಸ್ಕ್ರೀನ್ ಪ್ರೊಜೆಕ್ಟರ್ ಆರಿಸಿ ಎರಡನೇ ಪರದೆಗೆ ಕಳಿಸಿ. ನೀವು ಬರೆಯುವ ಕಡೆ ಸ್ಪಷ್ಟತೆ ಪೂರ್ತಿ ಉಳಿಯುತ್ತದೆ. ಬರೆಯಲು ಝೂರ್ನಲ್++ ಉಚಿತ, ಪಿಡಿಎಫ್ ಮೇಲೇ ಬರೆದು ಪಿಡಿಎಫ್ ಆಗಿಯೇ ಉಳಿಸಬಹುದು.

ನನ್ನ ಮತ ಬೇರೆ, ಹೇಳಿಬಿಡುತ್ತೇನೆ. ತರಗತಿಯ ಕೆಲಸವೊಂದೇ ಆಗಿದ್ದರೆ ಪರದೆಯಿಲ್ಲದ ಯುಎಸ್‌ಬಿ ಪೆನ್ ಹಲಗೆ ಸಾಕು, ಮೂರರಿಂದ ಐದು ಸಾವಿರ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಎರಡು ವಾರ ಅಕ್ಷರ ಕೋಳಿಕಾಲಾಗುತ್ತದೆ, ಆಮೇಲೆ ಕೂರುತ್ತದೆ. ನಿಮ್ಮನ್ನು ಟು-ಇನ್-ಒನ್ ಕಡೆಗೆ ಎಳೆಯುತ್ತಿರುವುದು ಆ 80 ಪಿಡಿಎಫ್ ಮಾತ್ರ.

ಸೀಸದಕಡ್ಡಿ

ಒಪ್ಪಿದೆ. ಇನ್ನೊಂದು ಮಾತು: ಸ್ನಾಪ್‌ಡ್ರ್ಯಾಗನ್ (ಇಂಟೆಲ್ ಬದಲು ಮೊಬೈಲ್ ಜಾತಿಯ ಪ್ರೊಸೆಸರ್) ಇರುವ ವಿಂಡೋಸ್ ಯಂತ್ರ ಯಾರಾದರೂ ತೋರಿಸಿದರೆ ಮೊದಲು ಹಳೆಯ ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಎರಡನ್ನೂ ಸಿಕ್ಕಿಸಿ ನೋಡಿ. ಮಾಮೂಲಿ ಪ್ರೋಗ್ರಾಂಗಳನ್ನು ಅದು ಅನುಕರಿಸಿ ನಡೆಸುತ್ತದೆ, ಡ್ರೈವರ್‌ಗಳನ್ನಲ್ಲ. ಕನ್ನಡ ಟೈಪಿಂಗ್‌ಗೆ ವಿಂಡೋಸ್‌ನಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ (2019ರ ಮೇ ಅಪ್‌ಡೇಟ್‌ನಿಂದ). ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಲೇಟೆಕ್‌ನ ರೂಪಗಳಾದ ಝೀಲೇಟೆಕ್ ಅಥವಾ ಲುವಾಲೇಟೆಕ್‌ನಲ್ಲಿ ಕನ್ನಡ ನೇರವಾಗಿ ಬರುತ್ತದೆ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಆಸ್ಕಿ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಅನಂತಶ್ರೇಣಿ

ಹಾಗಾದರೆ 7+ ಹುಡುಕುತ್ತೇನೆ. ಶನಿವಾರದೊಳಗೆ ಬ್ಯಾಟರಿ ಸರಿಯಿರುವುದು ಸಿಗದಿದ್ದರೆ 14 ಇಂಚಿನದು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೀಬೋರ್ಡ್ ಇಲ್ಲದೆ ಕೊಡುತ್ತಿದ್ದಾರೆ, ಬೇರೆ ಕೊಳ್ಳಬಹುದಾ?

ತಿರುಪುಳಿ

ಕೊಳ್ಳಬಹುದು, ಆದರೆ ಪ್ರೊ 8 ಮತ್ತು ಅದರ ನಂತರದವುಗಳ ಕೀಬೋರ್ಡ್ ಕವರ್ ಇದಕ್ಕೆ ಕೂರುವುದಿಲ್ಲ. ಪ್ರೊ 7ಕ್ಕೆ ಆಗುವುದೇ 7+ಗೂ ಆಗುತ್ತದೆ. ಹೊಸದು ಹತ್ತು ಸಾವಿರ ಮೀರಬಹುದು, ಅದನ್ನು ಯಂತ್ರದ ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.