‘ಪ್ಯೂಪಿಲ್’ ಪದಕ್ಕೆ ವಿದ್ಯಾರ್ಥಿ, ಕಣ್ಣಿನ ಪಾಪೆ ಎಂಬ ಎರಡು ಅರ್ಥಗಳು ಬಂದದ್ದು ಹೇಗೆ?

ಪ್ರಶ್ನೆ:
ಇಂಗ್ಲಿಷಿನ ‘ಪ್ಯೂಪಿಲ್’ ಪದಕ್ಕೆ ವಿದ್ಯಾರ್ಥಿ ಎಂಬ ಅರ್ಥವೂ ಇದೆ, ಕಣ್ಣಿನ ಪಾಪೆ ಎಂಬ ಅರ್ಥವೂ ಇದೆ. ಅದೇ ಭಾಷೆಯ ‘ಬ್ಯಾಟ್’ ಪದದಲ್ಲಿ ಬಾವಲಿಯೂ ಆಟದ ದಾಂಡೂ ಬೇರೆ ಬೇರೆ ಮೂಲಗಳಿಂದ ಬಂದು ಕಾಲಾಂತರದಲ್ಲಿ ಒಂದೇ ರೂಪ ತಾಳಿವೆ ಎಂದು ಓದಿದ್ದೇನೆ. ಇದೂ ಅಂತಹ ಆಕಸ್ಮಿಕವೇ, ಅಥವಾ ಪಾಠ ಕಲಿಯುವ ಮಗುವಿಗೂ ಕಣ್ಣಿಗೂ ನಿಜವಾಗಿ ನಂಟಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಆಕಸ್ಮಿಕವಲ್ಲ, ಎರಡೂ ಒಂದೇ ಲ್ಯಾಟಿನ್ ಮೂಲದವು. ಲ್ಯಾಟಿನ್ನಿನಲ್ಲಿ ‘ಪೂಪುಸ್’ ಎಂದರೆ ಹುಡುಗ, ‘ಪೂಪಾ’ ಎಂದರೆ ಹುಡುಗಿ ಅಥವಾ ಗೊಂಬೆ. ಕಿರಿದೆಂಬುದನ್ನು ಸೂಚಿಸುವ ಪ್ರತ್ಯಯ ಸೇರಿದಾಗ ‘ಪೂಪಿಲ್ಲಾ’, ಅಂದರೆ ಪುಟ್ಟ ಗೊಂಬೆ, ಆಯಿತು. ಒಬ್ಬರ ಕಣ್ಣನ್ನು ಒಳ್ಳೆಯ ಬೆಳಕಿನಲ್ಲಿ ತೀರ ಹತ್ತಿರದಿಂದ ನೋಡಿದರೆ, ನಡುವಿನ ಕಪ್ಪು ವೃತ್ತದಲ್ಲಿ ನೋಡುವವರದೇ ತಲೆ ಮತ್ತು ಹೆಗಲು ಗೊಂಬೆಯಂತೆ ಚಿಕ್ಕದಾಗಿ ಮೂಡಿರುವುದು ಕಾಣುತ್ತದೆ. ವಾಸ್ತವವಾಗಿ ಬಿಂಬ ಮೂಡುವುದು ಅದರ ಮುಂದಿರುವ ಪಾರದರ್ಶಕ ಕಾರ್ನಿಯಾದ ಮೇಲೆ. ಪಾಪೆ ಎಂಬುದು ಬೆಳಕು ಒಳಹೋಗುವ ರಂಧ್ರವಷ್ಟೇ ಆಗಿದ್ದು, ಅದರ ಕಪ್ಪಿನಿಂದಾಗಿ ಬಿಂಬ ಎದ್ದು ತೋರುತ್ತದೆ. ಗ್ರೀಕಿನ ‘ಕೋರೆ’ ಪದಕ್ಕೂ ಹುಡುಗಿ, ಪಾಪೆ ಎಂಬ ಎರಡು ಅರ್ಥಗಳಿವೆ. ನಮ್ಮ ‘ಪಾಪೆ’ಗೂ ಗೊಂಬೆ ಎಂಬ ಅರ್ಥವಿದೆ. ದೂರ ದೂರದ ಭಾಷೆಗಳು ಒಂದೇ ದೃಶ್ಯದಿಂದ ಹೆಸರು ಪಡೆದಿರುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ವಿದ್ಯಾರ್ಥಿ ಎಂಬ ಅರ್ಥದ ದಾರಿಯನ್ನು ನಾನು ಸೇರಿಸುತ್ತೇನೆ. ಅದು ಶಾಲೆಯಿಂದಲ್ಲ, ಕಾನೂನಿನಿಂದ ಬಂದದ್ದು. ರೋಮನ್ ಕಾನೂನಿನಲ್ಲಿ ತಂದೆಯನ್ನು ಕಳೆದುಕೊಂಡು ಪೋಷಕರ ಅಧೀನದಲ್ಲಿದ್ದ ಅಪ್ರಾಪ್ತ ಬಾಲಕನನ್ನು ‘ಪೂಪಿಲ್ಲುಸ್’ ಎಂದೂ, ಅವನ ಆಸ್ತಿಪಾಸ್ತಿಯನ್ನು ಕಾಯುವವನನ್ನು ‘ಟ್ಯೂಟರ್’ ಎಂದೂ ಕರೆಯುತ್ತಿದ್ದರು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಪೋಷಕರ ಆಶ್ರಯದಲ್ಲಿರುವ ಮಗು ಎಂಬುದೇ ಅದರ ಅರ್ಥವಾಗಿತ್ತು. 16ನೇ ಶತಮಾನದ ಹೊತ್ತಿಗೆ ಗುರುವಿನ ಬಳಿ ಕಲಿಯುವವನು ಎಂಬ ಅರ್ಥ ರೂಢಿಯಾಯಿತು. ಕಾಯುವವನು ಕಲಿಸುವವನಾದಂತೆ, ಆಶ್ರಯದಲ್ಲಿದ್ದವನು ಕಲಿಯುವವನಾದನು. ಸ್ಕಾಟ್ಲೆಂಡಿನ ಕಾನೂನಿನಲ್ಲಿ 12 ವರ್ಷದೊಳಗಿನ ಹುಡುಗಿಯರನ್ನೂ 14 ವರ್ಷದೊಳಗಿನ ಹುಡುಗರನ್ನೂ ‘ಪ್ಯೂಪಿಲ್’ ಎಂದು ಪರಿಗಣಿಸುವ ಪದ್ಧತಿ 1991ರ ಕಾಯ್ದೆಯವರೆಗೂ ಉಳಿದಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಕೀಟಗಳ ‘ಪ್ಯೂಪಾ’ ಮತ್ತು ಗೊಂಬೆಯಾಟದ ‘ಪಪೆಟ್’ ಸಹ ಇದೇ ಬಳಗದವೇ?

ಉತ್ತರ 1:
ಹೌದು. ‘ಪಪೆಟ್’ ಗೊಂಬೆ ಎಂಬ ಅರ್ಥದಿಂದಲೇ ಫ್ರೆಂಚಿನ ಮೂಲಕ ಬಂದಿದೆ. ‘ಪ್ಯೂಪಾ’ವನ್ನು 18ನೇ ಶತಮಾನದಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಲ್ಯಾಟಿನ್ನಿನಿಂದ ನೇರವಾಗಿ ಎತ್ತಿಕೊಂಡು, ಹುಳು ಚಿಟ್ಟೆಯಾಗುವ ಮುನ್ನ ಕೋಶದೊಳಗೆ ಅಲುಗಾಡದೆ ಇರುವ ಹಂತಕ್ಕೆ ಬಳಸಿದರು.