ಬಯಾಪ್ಸಿಯಲ್ಲಿ ಸಿ4ಡಿ ಪಾಸಿಟಿವ್, ರಕ್ತದಲ್ಲಿ ಸಿ3-ಸಿ4 ಸಹಜ: ಯಾವುದನ್ನು ನಂಬಬೇಕು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಮ್ಮನಿಗೆ ಮೂತ್ರಪಿಂಡ ಕಸಿಯಾಗಿ ಎಂಟು ತಿಂಗಳಾಯಿತು. ಕ್ರಿಯಾಟಿನಿನ್ ಏರಿದ್ದರಿಂದ ಬಯಾಪ್ಸಿ ಮಾಡಿದರು. ವರದಿಯಲ್ಲಿ ‘ಸಿ4ಡಿ ಪಾಸಿಟಿವ್’ ಎಂದಿದೆ. ಇದು ರೋಗನಿರೋಧಕ ಶಕ್ತಿಯ ಭಾಗವಾದ ಕಾಂಪ್ಲಿಮೆಂಟ್ ವ್ಯವಸ್ಥೆ ಕೆರಳಿದ್ದರ ಗುರುತು ಎಂದು ಓದಿದೆ. ಆದರೆ ಅದೇ ವ್ಯವಸ್ಥೆಯ ಪ್ರೋಟೀನುಗಳಾದ ಸಿ3, ಸಿ4 ಎರಡೂ ರಕ್ತದಲ್ಲಿ ಸಹಜವಾಗಿವೆ. ಒಂದು ವರದಿ ತಪ್ಪಿರಬಹುದೇ?

ಉತ್ತರ: ನಮಸ್ಕಾರ. ಎರಡೂ ಸರಿಯಿರಬಹುದು. ಕಾಂಪ್ಲಿಮೆಂಟ್ ಎಂದರೆ ಒಂದನ್ನೊಂದು ಎಚ್ಚರಿಸುತ್ತಾ ಹೋಗುವ, 30ಕ್ಕೂ ಹೆಚ್ಚು ಪ್ರೋಟೀನುಗಳ ಸಾಲು. ದಾನಿಯ ಅಂಗದ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಅದರ ಲೋಮನಾಳಗಳ ಒಳಪದರಕ್ಕೆ ಅಂಟಿಕೊಂಡಾಗ ಮೊದಲು ಸಿ1, ಅದರಿಂದ ಸಿ4 ಚುರುಕಾಗುತ್ತದೆ. ಆ ಸಿ4 ಒಡೆದು ಕೊನೆಗೆ ಉಳಿಯುವ ಚೂರೇ ಸಿ4ಡಿ. ಈ ಚೂರು ಸ್ವತಃ ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಅಂಗಾಂಶಕ್ಕೆ ಬಲವಾದ ರಾಸಾಯನಿಕ ಬಂಧದಿಂದ ಕಚ್ಚಿಕೊಂಡಿರುವುದರಿಂದ, ಪ್ರತಿಕಾಯ ಕಳಚಿಕೊಂಡ ಮೇಲೂ ಅಲ್ಲೇ ಉಳಿಯುತ್ತದೆ. ರಕ್ತಪರೀಕ್ಷೆ ಅಳೆಯುವುದು ಇಡೀ ದೇಹದ ದಾಸ್ತಾನನ್ನು. ಒಂದು ಅಂಗದಲ್ಲಿ ಖರ್ಚಾದದ್ದನ್ನು ಯಕೃತ್ತು ತುಂಬಿಕೊಡುತ್ತದೆ, ಉರಿಯೂತವಿದ್ದಾಗಲಂತೂ ಇನ್ನಷ್ಟು ತಯಾರಿಸುತ್ತದೆ. ಹೀಗಾಗಿ ರಕ್ತದ ಮಟ್ಟ ಸಹಜವಾಗಿಯೇ ಕಾಣಬಹುದು.

ಹಾಗೆಂದು ಸಿ4ಡಿ ಒಂದನ್ನೇ ನೋಡಿ ತಿರಸ್ಕಾರವೆಂದು (ದೇಹ ಕಸಿಯಾದ ಅಂಗವನ್ನು ಪರಕೀಯವೆಂದು ದಾಳಿ ಮಾಡುತ್ತಿದೆಯೆಂದು) ತೀರ್ಮಾನಿಸುವಂತಿಲ್ಲ. ರಕ್ತದ ಗುಂಪು ಹೊಂದದ ಕಸಿಗಳಲ್ಲಿ ಅಂಗ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ಅದು ಕಾಣಿಸುವುದುಂಟು. ಸಿ4ಡಿ ಇಲ್ಲದೆಯೂ ಪ್ರತಿಕಾಯಜನ್ಯ ತಿರಸ್ಕಾರ ನಡೆಯಬಹುದು. ಕಸಿ ಬಯಾಪ್ಸಿಗಳನ್ನು ಓದಲು ಬಳಸುವ ಅಂತರರಾಷ್ಟ್ರೀಯ ಬ್ಯಾನ್ಫ್ ಮಾನದಂಡಗಳು 2013ರಲ್ಲಿ ಇದನ್ನು ಒಪ್ಪಿಕೊಂಡಿವೆ. ಲೋಮನಾಳಗಳಲ್ಲಿ ಉರಿಯೂತವಿದೆಯೇ, ದಾನಿಯ ವಿರುದ್ಧದ ಪ್ರತಿಕಾಯಗಳು (ಡಿಎಸ್‌ಎ) ರಕ್ತದಲ್ಲಿವೆಯೇ ಎಂಬೆರಡನ್ನು ನಿಮ್ಮ ವೈದ್ಯರಲ್ಲಿ ತಪ್ಪದೆ ಕೇಳಿ.

ಪ್ರಶ್ನೆ: ಧನ್ಯವಾದಗಳು. ಕಾಂಪ್ಲಿಮೆಂಟನ್ನೇ ತಡೆಯುವ ಔಷಧವಿದೆಯಂತೆ. ಅದನ್ನು ಕೊಡಬಾರದೇ?

ಉತ್ತರ: ನೀವು ಹೇಳುತ್ತಿರುವುದು ಬಹುಶಃ ಎಕುಲಿಝುಮ್ಯಾಬ್. ಅದು ಸಿ5 ಒಡೆಯದಂತೆ ತಡೆಯುತ್ತದೆ. ಸಿ5 ಬರುವುದು ಸಿ4ರ ನಂತರ. ಆದ್ದರಿಂದ ಔಷಧ ಪಡೆಯುತ್ತಿದ್ದರೂ ಪ್ರತಿಕಾಯ ಹಾಗೆಯೇ ಇರುತ್ತದೆ, ಸಿ4ಡಿ ಕೂಡ ಪಾಸಿಟಿವ್ ಆಗಿಯೇ ಇರಬಹುದು. ತಿರಸ್ಕಾರದ ಚಿಕಿತ್ಸೆಯಲ್ಲಿ ಅದರ ಫಲಿತಾಂಶ ಒಂದೇ ತೆರನಾಗಿಲ್ಲವಾದ್ದರಿಂದ ನಾನು ಅದನ್ನು ಮೊದಲ ಆಯ್ಕೆಯೆನ್ನಲಾರೆ.

ತಮ್ಮನ ಮೂಲ ಕಾಯಿಲೆ ಎಟಿಪಿಕಲ್ ಎಚ್‌ಯುಎಸ್ (ಕಾಂಪ್ಲಿಮೆಂಟ್ ಹತೋಟಿ ತಪ್ಪಿ ಮೂತ್ರಪಿಂಡದ ಸಣ್ಣ ರಕ್ತನಾಳಗಳು ಹಾಳಾಗುವ ಅಪರೂಪದ ಕಾಯಿಲೆ) ಆಗಿದ್ದರೆ ಮಾತು ಬೇರೆ. ಕಾಂಪ್ಲಿಮೆಂಟಿಗೆ ಕಡಿವಾಣ ಹಾಕುವ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನು ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ಅದರಲ್ಲಿ ದೋಷವಿದ್ದರೆ ಹೊಸ ಮೂತ್ರಪಿಂಡಕ್ಕೂ ಅದೇ ಕಾಯಿಲೆ ಮರಳುವ ಅಪಾಯ ಹೆಚ್ಚು, ಅಲ್ಲಿ ಈ ಔಷಧ ನಿಜಕ್ಕೂ ಅಂಗವನ್ನು ಉಳಿಸಬಲ್ಲದು. ಯಾವ ಕಾರಣಕ್ಕೆ ಕೊಟ್ಟರೂ ಮೆದುಳಿನ ಹೊದಿಕೆಯ ಉರಿಯೂತ ತರಬಲ್ಲ ಮೆನಿಂಜೊಕಾಕಸ್ ಬ್ಯಾಕ್ಟೀರಿಯಾ ಸೋಂಕಿನ ಅಪಾಯ ಬಹಳ ಹೆಚ್ಚುವುದರಿಂದ, ಸಾಧ್ಯವಿದ್ದಲ್ಲಿ ಎರಡು ವಾರ ಮೊದಲೇ ಲಸಿಕೆ ಹಾಕಿಸಬೇಕು. ಮೂಲ ಕಾಯಿಲೆ ಯಾವುದೆಂದು ಹಳೆಯ ಕಡತದಲ್ಲಿ ನೋಡಿ ತಿಳಿಸಿ.